ಭಾನುವಾರ ಹಮ್ಮಿಗಿ ಹಿನ್ನೀರಿಗೆ: ಈ ಸಲ ಕಯಾಕ್ ಇಲ್ಲ, ಬೋರ್ಡ್

ಗೆಳೆಯರೇ, ಭಾನುವಾರ ಗಾಳ ಹಾಕಲು ಹಮ್ಮಿಗಿ ಬ್ಯಾರೇಜಿನ ತುಂಗಭದ್ರಾ ಹಿನ್ನೀರಿಗೆ ಹೋಗೋಣ. ಬೆಳಿಗ್ಗೆ 5ಕ್ಕೆ ಹುಬ್ಬಳ್ಳಿ ಬಿಡಬೇಕು. ಕಯಾಕ್ ಬದಲು ಗಾಳಿ ತುಂಬುವ ಪ್ಯಾಡಲ್‌ಬೋರ್ಡ್, ಅಂದರೆ ಮೇಲೆ ನಿಂತು ಹುಟ್ಟು ಹಾಕುವ ಹಲಗೆ, ತರುತ್ತಿದ್ದೇನೆ. ಮಡಚಿದರೆ ಡಿಕ್ಕಿಯಲ್ಲೇ ಹಿಡಿಯುತ್ತದೆ, ಕಾರಿನ ಮೇಲೆ ಹಗ್ಗ ಬಿಗಿಯುವ ರಗಳೆ ಇಲ್ಲ.

ನಿಂತು ನೋಡಿದರೆ ನೀರೊಳಗೆ ಜಾಸ್ತಿ ಕಾಣುತ್ತದೆ. ಮುರ್ರೆಲ್ ಮೀನು ಉಸಿರಿಗೆ ಮೇಲೆ ಬರುತ್ತದಲ್ವಾ, ಆ ಗುಳ್ಳೆ ಎಲ್ಲೆದ್ದಿತು ಎಂದು ದೂರದಿಂದಲೇ ಗೊತ್ತಾಗುತ್ತದೆ. ಆದರೆ ಗಾಳಿ ಬಂದರೆ ನಿಂತ ಮೈಯೇ ಹಾಯಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ! ಗಾಳಿ ಎದ್ದ ಕೂಡಲೇ ಮಂಡಿಯೂರಿ. ಬಿಸಿಲೇರುವ ಮೊದಲೇ ದಡಕ್ಕೆ ಬನ್ನಿ.

ಹೋದ ಸಲ ಮೀನು ಎಳೆಯಿತು ಅಂತ ನಾನು ಒಂದೇ ಬದಿಗೆ ವಾಲಿದೆ. ಮೀನೂ ಹೋಯಿತು, ಇಕ್ಕಳವೂ ಮುಳುಗಿತು, ಸೊಂಟಕ್ಕೆ ಸಿಕ್ಕಿಸಿದ್ದ ಮೊಬೈಲೂ. ಅದಕ್ಕೇ ಹೇಳುವುದು, ಪ್ರತಿ ಸಾಮಾನಿಗೂ ದಾರ ಕಟ್ಟಿ. ಮೀನು ಸಿಕ್ಕರೆ ಕೂತೇ ಎಳೆಯಿರಿ. 32 ಇಂಚಿಗಿಂತ ಸಣ್ಣ ಅಗಲದ ಬೋರ್ಡ್ ಇದಕ್ಕೆ ಬೇಡ, ಅಲ್ಲಾಡುತ್ತದೆ. ದಡದ ಬಿಸಿಲಿನಲ್ಲಿ ಇಡುವಾಗ ಸ್ವಲ್ಪ ಗಾಳಿ ಬಿಡಿ, ಕಾದು ಬಿಗಿಯುತ್ತದೆ.

ಲೈಫ್ ಜಾಕೆಟ್ ಇಲ್ಲದವರಿಗೆ ಬೋರ್ಡ್ ಕೊಡುವುದಿಲ್ಲ, ಈಜು ಬಂದರೂ ಅಷ್ಟೇ. ಹರಿಯುವ ನೀರಲ್ಲಿ, ಬೋರ್ಡಿಗೂ ನಿಮಗೂ ಸೇರಿಸುವ ಹಗ್ಗವನ್ನು ಕಾಲಿಗೆ ಕಟ್ಟಬೇಡಿ. ಎಲ್ಲಾದರೂ ಸಿಕ್ಕಿಕೊಂಡರೆ ಬಿಡಿಸಲು ಕೈ ಎಟುಕುವುದಿಲ್ಲ. ಎಳೆದರೆ ತಕ್ಷಣ ಬಿಚ್ಚುವ ಸೊಂಟಪಟ್ಟಿ ಬಳಸಿ. ಬ್ಯಾರೇಜ್ ಗೇಟಿನ ಹತ್ತಿರ ಯಾರೂ ಹೋಗಕೂಡದು. ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕೋಣ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ರೊಟ್ಟಿ, ಶೇಂಗಾ ಚಟ್ನಿ ನಾನು ತರುತ್ತೇನೆ. ಮೀನು ನಂಬಿ ಖಾಲಿ ಹೊಟ್ಟೆಯಲ್ಲಿ ಬರಬೇಡಿ.