ಜಾಲಿ ಬಾಯ್ ದೋಣಿಯ ಅಣ್ಣನಿಗೆ

ಅಂಡಮಾನಿನ ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಹೊರಟ ದೋಣಿಯಲ್ಲಿದ್ದ, ಹೆಸರು ತಿಳಿಯದ ಅಣ್ಣ, ನಿಮಗೆ ಮನಸಾರೆ ಧನ್ಯವಾದ.

ನೀರೊಳಗಿನ ಹವಳ ನೋಡಲು ಹಾಕುವ ಈಜು ಮಾಸ್ಕ್ ಅನ್ನು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದಾಗ ಅದು ಬೀಳದೆ ನಿಂತರೆ ಅಳತೆ ಸರಿ. ಅಂಚಿನಡಿ ನಾಲ್ಕು ಕೂದಲು ಸಿಕ್ಕರೂ ನೀರು ನುಗ್ಗುತ್ತದೆ, ಆಗ ಪಟ್ಟಿ ಬಿಗಿದು ಪ್ರಯೋಜನವಿಲ್ಲ ಎಂದು ತೋರಿಸಿಕೊಟ್ಟಿರಿ. ಗಾಜು ಮಂಜಾಗದಂತೆ ಒಳಗೆ ಎಂಜಲು ಸವರಿ ತೊಳೆಯುವುದನ್ನೂ.

ಅದಕ್ಕಿಂತ ದೊಡ್ಡ ಉಪಕಾರ, ಹವಳದ ಮೇಲೆ ಯಾರೂ ಕಾಲೂರದಂತೆ ತಡೆದದ್ದು. ಕಲ್ಲಿನಂತೆ ಕಂಡರೂ ಅದರ ಮೇಲ್ಪದರವೆಲ್ಲ ಹವಳ ಕಟ್ಟುವ ಪುಟ್ಟ ಪ್ರಾಣಿಗಳಾದ ಜೀವಂತ ಪಾಲಿಪ್‌ಗಳು. ಕಾಲು ಬಡಿದೆಬ್ಬಿಸಿದ ಮರಳೂ ಅವುಗಳ ಮೇಲೆ ಕೂತು ಬೆಳಕು ತಪ್ಪಿಸುತ್ತದೆ. ದಣಿದರೆ ನಿಲ್ಲಬೇಡಿ, ಅಂಗಾತ ತೇಲಿ ಅಂದಿರಿ. ದಡಕ್ಕೆ ಬಿದ್ದ ಸತ್ತ ಚೂರನ್ನೂ ಒಯ್ಯುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯಿದೆ ಎಂದಿರಿ. ಸನ್‌ಸ್ಕ್ರೀನ್ ಮೆತ್ತುವ ಬದಲು, ಹವಳದ ಹಿತಕ್ಕೆ, ತುಂಬುತೋಳಿನ ಅಂಗಿ ಹಾಕಿ ಎಂಬ ನಿಮ್ಮ ಮಾತನ್ನು ಈಗ ಅಲ್ಲಿಗೆ ಹೊರಟವರಿಗೆಲ್ಲ ದಾಟಿಸುತ್ತಿದ್ದೇವೆ.