ಮೊದಲು ನನ್ನ ಕಾರ್ನಿಯಾ ಎಷ್ಟು ದಪ್ಪ ಅಂತ ಹೇಳಿ

ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ 'ಹತ್ತೇ ನಿಮಿಷ, ಕನ್ನಡಕಕ್ಕೆ ಟಾಟಾ' ಅಂತ, ಲೇಸರಿನಲ್ಲಿ ಕಣ್ಣಿನ ನಂಬರ್ ತೆಗೆಸುವ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಓದಿದರೆ ಲೇಖನ. ಕೆಳಗಿನ ಮೂಲೆ ನೋಡಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಜಾಹೀರಾತು' ಅಂತಿದೆ. ಅದನ್ನು ಓದೋಕೆ ನಾನು ಕನ್ನಡಕ ತೆಗೆದು ಪೇಪರನ್ನು ಮೂಗಿನ ಹತ್ತಿರ ಹಿಡಿಯಬೇಕಾಯಿತು. ನನ್ನ ನಂಬರ್ ಮೈನಸ್ ಆರೂವರೆ. ಲೇಸರ್ ಮಾಡಿಸಿಕೊಳ್ಳಬೇಕು ಅಂತ ಎರಡು ವರ್ಷ ದುಡ್ಡು ಕೂಡಿಟ್ಟು, ಬೆಂಗಳೂರಿನವರೆಗೆ ಹೋಗಿ, ಮಾಡಿಸಿಕೊಳ್ಳದೆ ವಾಪಸ್ ಬಂದವಳು ನಾನು. ಅದಕ್ಕೇ ಈ ಪತ್ರ.

ಲೇಸರ್ ಕೆಟ್ಟದ್ದು ಅಂತ ಹೇಳೋಕೆ ಬರೆಯುತ್ತಿಲ್ಲ. ಕನ್ನಡಕದ ಕಷ್ಟ ನನಗೆ ಗೊತ್ತಿಲ್ವಾ? ನಾಲ್ಕನೇ ಕ್ಲಾಸಿನಲ್ಲಿ ಬಂತು ಕನ್ನಡಕ. ಸೋಡಾಬುಡ್ಡಿ ಅಂತ ಕರೆಸಿಕೊಂಡಿದ್ದು ಬಿಡಿ, ಅದು ಎಲ್ಲರ ಕಥೆ. ಶಿರಸಿಯ ಮಳೆಗಾಲದಲ್ಲಿ ಕನ್ನಡಕ ಹಾಕಿಕೊಂಡು ಸ್ಕೂಟಿ ಓಡಿಸಿ ನೋಡಿ. ಹೆಲ್ಮೆಟ್ಟಿನ ಗಾಜಿನ ಮೇಲೆ ಮಳೆಹನಿ, ಕನ್ನಡಕದ ಮೇಲೂ ಹನಿ, ಒಳಗಿನಿಂದ ನಮ್ಮದೇ ಉಸಿರಿನ ಹಬೆ, ಎದುರಿಗೆ ಬರುತ್ತಿರುವುದು ಬಸ್ಸೋ ಲಾರಿಯೋ ಅಂತ ಹಾರ್ನ್ ಕೇಳಿಯೇ ತಿಳಿಯಬೇಕು. ಅನ್ನ ಬಸಿಯೋಕೆ ಪಾತ್ರೆ ಬಗ್ಗಿಸಿದರೆ ಎರಡೂ ಗಾಜು ಬೆಳ್ಳಗೆ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯೆಲ್ಲ ತಡಕಾಟ, ಕನ್ನಡಕ ಹುಡುಕೋಕೂ ಕನ್ನಡಕ ಬೇಕಲ್ಲ! ಇದರ ಮೇಲೆ ಹೆಣ್ಣು ನೋಡಲು ಬರುವವರು. ಒಂದು ಮನೆಯವರು 'ಕನ್ನಡಕ ಇಲ್ಲದ ಫೋಟೋ ಇದ್ದರೆ ಕಳಿಸಿ' ಅಂದರು. ಅವರು ಕಳಿಸಿದ ಫೋಟೋದಲ್ಲಿ ಹುಡುಗನಿಗೇ ಕನ್ನಡಕ ಇತ್ತು.

ನನ್ನ ಚಿಕ್ಕಪ್ಪನ ಮಗ ಐದಾರು ವರ್ಷದ ಹಿಂದೆ ಲೇಸಿಕ್ ಅನ್ನುವ ಲೇಸರ್ ಆಪರೇಷನ್ ಮಾಡಿಸಿಕೊಂಡ. ಅವನದು ಮೈನಸ್ ಮೂರು. ಕಣ್ಣು ಮರಗಟ್ಟುವ ಡ್ರಾಪ್ಸ್ ಹಾಕಿ, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಇಟ್ಟು, ಮೇಲಿನ ದೀಪವನ್ನೇ ನೋಡುತ್ತಿರು ಅಂದರಂತೆ. ಸ್ವಲ್ಪ ಹೊತ್ತು ಕೂದಲು ಸುಟ್ಟ ಹಾಗೆ ವಾಸನೆ ಬಂದು, ಕಣ್ಣೇ ಸುಡ್ತಿದ್ದಾರೆ ಅಂತ ಇವನು ಬೆವೆತುಹೋದನಂತೆ. ನಿಜ ಹೇಳಬೇಕೆಂದರೆ ಆ ಲೇಸರ್ ಸುಡುವುದಿಲ್ಲ. ಎಕ್ಸೈಮರ್ ಅನ್ನುವ ಅತಿನೇರಳೆ ಕಿರಣದ ಲೇಸರ್ ಅದು, ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಅಕ್ಕಪಕ್ಕಕ್ಕೆ ಬಿಸಿ ತಾಗಿಸದೆ ಸ್ವಲ್ಪ ಸ್ವಲ್ಪವಾಗಿ ಹೆರೆಯುತ್ತದೆ. ಈ ಗುಣ ಕಂಡುಹಿಡಿದ ಮೂವರಲ್ಲಿ ಒಬ್ಬರು ನಮ್ಮ ಪಕ್ಕದ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ, ಮನೆಯ ಹಬ್ಬದೂಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಂಡು ತಂದು ಅದರ ಮೇಲೆ ಪ್ರಯೋಗ ಮಾಡಿದರಂತೆ. ಇರಲಿ. ಆಪರೇಷನ್ನಿನ ಮರುದಿನ ಬೆಳಿಗ್ಗೆ ಚಿಕ್ಕಪ್ಪನ ಮಗನಿಗೆ ಮಲಗಿದಲ್ಲಿಂದಲೇ ಗೋಡೆ ಗಡಿಯಾರದ ಮುಳ್ಳು ಕಂಡಿತು. ಆಮೇಲೆ ಆರು ತಿಂಗಳು ಆಫೀಸಿನ ಎಸಿಯಲ್ಲಿ ಕಣ್ಣು ಒಣಗಿ ಗಂಟೆಗೊಮ್ಮೆ ಡ್ರಾಪ್ಸ್, ರಾತ್ರಿ ಗಾಡಿ ಓಡಿಸಿದರೆ ಹೆಡ್‌ಲೈಟಿನ ಸುತ್ತ ಬಳೆ ಬಳೆ. ಈಗ ಅದೆಲ್ಲ ಹೋಗಿದೆ, ಆರಾಮಾಗಿದ್ದಾನೆ.

ಅವನನ್ನು ನೋಡಿಯೇ ನಾನೂ ಹೊರಟಿದ್ದು.

ಮೊದಲು ಹೋದ ಸೆಂಟರಿನಲ್ಲಿ ತಪಾಸಣೆ ಉಚಿತ. ಡಾಕ್ಟರ್ ನನ್ನ ಜೊತೆ ಮಾತಾಡಿದ್ದು ಮೂರು ನಿಮಿಷ, ಕೌನ್ಸೆಲರ್ ಮಾತಾಡಿದ್ದು ಮುಕ್ಕಾಲು ಗಂಟೆ. ಎರಡೂ ಕಣ್ಣಿಗೆ ಸೇರಿ 85 ಸಾವಿರ, ಇವತ್ತೇ ಅಡ್ವಾನ್ಸ್ ಕಟ್ಟಿದರೆ ಹತ್ತು ಸಾವಿರ ಕಡಿಮೆ, ಕಂತೂ ಮಾಡಿಕೊಡ್ತೀವಿ ಮ್ಯಾಮ್. ಹಿಂದಿನ ದಿನ ಗೆಳತಿಯ ಮದುವೆ ಅಂತ ನಾನು ರಾತ್ರಿವರೆಗೂ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡಿದ್ದೆ. ಲೆನ್ಸ್ ಹಾಕ್ತೀರಾ, ಯಾವಾಗ ತೆಗೆದಿರಿ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಅದನ್ನು ಕೇಳಲೇಬೇಕು ಅಂತ ನನಗೂ ಆಗ ಗೊತ್ತಿರಲಿಲ್ಲ. ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ್ದರಿಂದ ಸಂಜೆ ಮೆಜೆಸ್ಟಿಕ್‌ನಲ್ಲಿ ಮೊಬೈಲ್ ಪರದೆಯೂ ಮಸುಕು, ಬಸ್ಸಿನ ಬೋರ್ಡೂ ಮಸುಕು. ಪಕ್ಕದ ಹುಡುಗನಿಗೆ 'ಇದು ಶಿರಸಿ ಬಸ್ಸಾ?' ಅಂತ ಕೇಳಿದರೆ ಅವನು ನನ್ನನ್ನು ಅಕ್ಷರ ಬಾರದವಳು ಅಂದುಕೊಂಡು ಪಾಪ, ಸೀಟಿನವರೆಗೂ ಬಂದು ಕೂರಿಸಿ ಹೋದ.

ಪರಿಚಯದ ನರ್ಸ್ ಒಬ್ಬರು 'ದುಡ್ಡು ಕಟ್ಟಬೇಡ, ಇನ್ನೊಂದು ಕಡೆ ತೋರಿಸು' ಅಂದಿದ್ದಕ್ಕೆ ಬಚಾವಾದೆ. ಎರಡನೇ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಲೆನ್ಸಿನದ್ದು. ಲೆನ್ಸ್ ಒತ್ತಿ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ, ಅಳತೆ ತಪ್ಪಾಗುತ್ತದೆ, ಎರಡು ವಾರ ಲೆನ್ಸ್ ಮುಟ್ಟದೆ ಮತ್ತೆ ಬನ್ನಿ ಅಂತ ವಾಪಸ್ ಕಳಿಸಿದರು. ಆ ದಿನ ಸಿಟ್ಟು ಬಂದಿತ್ತು, ಬಸ್ ಚಾರ್ಜು, ರಜೆ ಎರಡೂ ದಂಡ ಅಂತ.

ಎರಡು ವಾರ ಬಿಟ್ಟು ಹೋದಾಗ ಸ್ಕ್ಯಾನ್ ಆಯಿತು. ಟಿವಿಯಲ್ಲಿ ಮಳೆ ನಕ್ಷೆ ತೋರಿಸ್ತಾರಲ್ಲ, ಹಾಗೆ ಬಣ್ಣ ಬಣ್ಣದ ಚಿತ್ರ. ಡಾಕ್ಟರ್ ಅದರ ಹಿಂಬದಿಯಲ್ಲೇ ಪೆನ್ನಿನಲ್ಲಿ ಲೆಕ್ಕ ಹಾಕಿ ತೋರಿಸಿದರು, ನಮ್ಮ ಸೊಸೈಟಿಯಲ್ಲಿ ಬಡ್ಡಿ ಲೆಕ್ಕ ತೋರಿಸುವ ಹಾಗೆ. ನನ್ನ ಕಾರ್ನಿಯಾ 482 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದಂತೆ. ಲೇಸಿಕ್ ಅಂದರೆ ಮೊದಲು ಮೇಲಿನ ಪದರವನ್ನು ಮುಚ್ಚಳದ ಹಾಗೆ ಎತ್ತಬೇಕು, ಅದಕ್ಕೆ 110 ಹೋಯಿತು. ಒಂದು ನಂಬರಿಗೆ ಸುಮಾರು 14 ಮೈಕ್ರಾನ್ ಹೆರೆಯಬೇಕು, ಆರೂವರೆಗೆ 91. ಉಳಿಯುವುದು 281. '250 ಉಳಿಯಲೇಬೇಕು, ನಾನಂತೂ 300ಕ್ಕಿಂತ ಕೆಳಗೆ ಹೋಗಲ್ಲ' ಅಂದರು. ಅಷ್ಟೇ ಆಗಿದ್ದರೆ ಮುಚ್ಚಳ ಎತ್ತದೆ ಮೇಲಿನಿಂದಲೇ ಹೆರೆಯುವ ಪಿಆರ್‌ಕೆ ನೋಡಬಹುದಿತ್ತಂತೆ. ಆದರೆ ನಕ್ಷೆಯ ಕೆಳಭಾಗದಲ್ಲಿ ಒಂದು ಕೆಂಪು ಮಚ್ಚೆ ಇತ್ತು. ಅಲ್ಲಿ ಕಾರ್ನಿಯಾ ಸ್ವಲ್ಪ ಉಬ್ಬಿದೆ, ಕೆರಟೋಕೋನಸ್, ಅಂದರೆ ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಉಬ್ಬುತ್ತಾ ಹೋಗುವ ಕಾಯಿಲೆ, ಶುರುವಾಗುವ ಲಕ್ಷಣ ಇರಬಹುದು, ಅಂಥ ಕಣ್ಣನ್ನು ಹೆರೆದರೆ ಇನ್ನೂ ಉಬ್ಬಿ, ಕನ್ನಡಕ ಹಾಕಿದರೂ ಸರಿಯಾಗಿ ಕಾಣದ ಹಾಗಾಗಬಹುದು ಅಂದರು. 'ಕಣ್ಣು ಉಜ್ಜುತ್ತೀರಾ? ಉಜ್ಜಿದರೆ ಇದು ಹೆಚ್ಚಾಗಬಹುದು' ಅಂತ ಅವರು ಕೇಳುವಾಗ ನಾನು ಉಜ್ಜುತ್ತಲೇ ಇದ್ದೆ.

ನನ್ನ ತಕರಾರು ಇಷ್ಟೇ. ಈ 482 ಅನ್ನುವ ಸಂಖ್ಯೆ ಮೊದಲ ಸೆಂಟರಿಗೂ ಗೊತ್ತಿತ್ತು, ಅಲ್ಲೂ ಯಂತ್ರ ಇತ್ತು, ಅಲ್ಲೂ ಸ್ಕ್ಯಾನ್ ಮಾಡಿದ್ದರು. ನನಗೆ ಹೇಳಿದ್ದು ಮಾತ್ರ ಡಿಸ್ಕೌಂಟು.

ನಿಮ್ಮ ಪುರವಣಿಯಲ್ಲೂ ಹಾಗೇ ಆಗಿದೆ. ಹತ್ತು ನಿಮಿಷ, ನೋವಿಲ್ಲ, ಮರುದಿನ ಕೆಲಸಕ್ಕೆ ಹೋಗಬಹುದು, ಇವೆಲ್ಲ ಇವೆ. ನಂಬರ್ ಕನಿಷ್ಠ ಒಂದು ವರ್ಷದಿಂದ ಬದಲಾಗದೆ ನಿಂತಿರಬೇಕು ಅಂತ ಇಲ್ಲ. 18 ತುಂಬದವರಿಗೆ, ಬಸುರಿ ಬಾಣಂತಿಯರಿಗೆ, ಕಣ್ಣು ವಿಪರೀತ ಒಣಗುವವರಿಗೆ ಮಾಡುವುದಿಲ್ಲ ಅಂತಲೂ ಇಲ್ಲ. ಮೈನಸ್ ಇರುವವರ ಕಣ್ಣುಗುಡ್ಡೆ ಸ್ವಲ್ಪ ಉದ್ದ ಇರುತ್ತದೆ, ಲೇಸರ್ ಮಾಡಿದ ಮೇಲೂ ಆ ಉದ್ದ ಹಾಗೇ ಇರುತ್ತದೆ, ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಎಳೆದು ತೆಳ್ಳಗಾಗಿರುವುದೂ ಹಾಗೇ ಇರುತ್ತದೆ, ಅದನ್ನು ಆಮೇಲೂ ತೋರಿಸುತ್ತಿರಬೇಕು. ಚಿಕ್ಕಪ್ಪನ ಮಗ 'ನಂಬರ್ ಹೋಯ್ತು, ಕಣ್ಣೇ ಹೊಸದಾಯ್ತು' ಅಂತ ಆಪರೇಷನ್ ಆದ ಮೇಲೆ ಒಮ್ಮೆಯೂ ರೆಟಿನಾ ತೋರಿಸಿರಲಿಲ್ಲ. ಮೊನ್ನೆ ನಾನೇ ಬೈದು ಕಳಿಸಿದೆ. ನಮ್ಮ ಅತ್ತೆಯದು ಇನ್ನೊಂದು ಕಥೆ. 38ಕ್ಕೆ ಮಾಡಿಸಿಕೊಂಡರು, 43ಕ್ಕೆ ಓದೋಕೆ ಕನ್ನಡಕ ಬಂತು. 'ಮೊದಲು ಕನ್ನಡಕ ತೆಗೆದರೆ ಅಕ್ಕಿಯ ಹುಳನೂ ಕಾಣ್ತಿತ್ತು, ಈಗ ಅದೂ ಹೋಯ್ತು' ಅಂತ ಗೊಣಗುತ್ತಾರೆ. ನಲವತ್ತರ ನಂತರ ಬರುವ ಚಾಳೀಸಿಗೂ ಲೇಸರಿಗೂ ಸಂಬಂಧವಿಲ್ಲ, ಆದರೆ ಮಾಡಿಸುವ ಮುಂಚೆ ಅವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು ಅಲ್ವಾ?

ದುಡ್ಡಿನ ವಿಷಯಕ್ಕೆ ಬಂದರೆ, ನಂಬರ್ 7.5ಕ್ಕಿಂತ ಕಡಿಮೆ ಇದ್ದರೆ ಈ ಲೇಸರಿನ ಖರ್ಚು ಆರೋಗ್ಯ ವಿಮೆಯಲ್ಲಿ ಸಿಗುವುದಿಲ್ಲ, ಪಾಲಿಸಿಯಲ್ಲೇ ಬರೆದಿರುತ್ತದೆ. ತಮಾಷೆ ನೋಡಿ, ನಂಬರ್ ಅಷ್ಟು ಜಾಸ್ತಿ ಇದ್ದವರಿಗೆ ಹೆರೆಯಬೇಕಾದದ್ದೂ ಜಾಸ್ತಿ, ಹಾಗಾಗಿ ಅವರಲ್ಲಿ ಎಷ್ಟೋ ಜನರಿಗೆ ಡಾಕ್ಟರೇ ಲೇಸರ್ ಬೇಡ ಅನ್ನುತ್ತಾರೆ. ಕಣ್ಣಿನೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಅಂತ ಇನ್ನೊಂದು ಇದೆ. ನನಗೆ ಹೇಳಿದ ರೇಟು ಲೇಸರಿನ ಎರಡರಷ್ಟು. ಸದ್ಯಕ್ಕೆ ಆ ಯೋಚನೆ ಬಿಟ್ಟಿದ್ದೇನೆ.

ನಮ್ಮಜ್ಜಿ ಡಾ. ಎಂ.ಸಿ. ಮೋದಿಯವರ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡವರು. ಆಮೇಲೆ ಕೊಟ್ಟ ದಪ್ಪ ಗಾಜಿನ ಕನ್ನಡಕವನ್ನು ಇವತ್ತಿಗೂ ದೇವರ ಗೂಡಿನ ಪಕ್ಕ ಇಡುತ್ತಾರೆ. ನಾನು ಬೇಜಾರಿನಲ್ಲಿ ವಾಪಸ್ ಬಂದಾಗ ಕೇಳಿದ್ದು ಒಂದೇ ಮಾತು, 'ನಂಗೆ ಆಗ ಏನೂ ಕಾಣ್ತಿರ್ಲಿಲ್ಲ, ನಿಂಗೆ ಕನ್ನಡಕ ಹಾಕಿದ್ರೆ ಕಾಣ್ತದಲ್ವಾ?' ಆಗ ನನಗೆ ಸಿಟ್ಟೇ ಬಂದಿತ್ತು. ಅವರಿಗೇನು ಗೊತ್ತು ಸ್ಕೂಟಿಯ ಕಷ್ಟ.

ಸಂಪಾದಕರೇ, ಜಾಹೀರಾತು ಹಾಕಬೇಡಿ ಅನ್ನಲ್ಲ, ಪತ್ರಿಕೆಯೂ ನಡೀಬೇಕು. 'ಜಾಹೀರಾತು' ಅನ್ನುವ ಪದವನ್ನು ತಲೆಬರಹದಷ್ಟೇ ದಪ್ಪಗೆ ಹಾಕಿ. ಅದರ ಪಕ್ಕದಲ್ಲೇ, ಯಾರಿಗೆ ಇದು ಆಗುವುದಿಲ್ಲ ಅಂತ ಒಬ್ಬ ಕಣ್ಣಿನ ಡಾಕ್ಟರ್ ಹತ್ತಿರ ನಾಲ್ಕು ಸಾಲು ಬರೆಸಿ ಹಾಕಿ. ಮಾಡಿಸಿಕೊಳ್ಳುವವರಿಗೂ ಒಂದು ಮಾತು: ಸ್ಕ್ಯಾನ್ ರಿಪೋರ್ಟಿನ ಪ್ರತಿ ಕೇಳಿ ತಗೊಳ್ಳಿ, ಅಡ್ವಾನ್ಸ್ ಕಟ್ಟುವ ಮುಂಚೆ. ದಪ್ಪ ಎಷ್ಟು, ಹೆರೆದ ಮೇಲೆ ಎಷ್ಟು ಉಳಿಯುತ್ತೆ ಅಂತ ಕೇಳಿ. ಮಾಡಿಸಿಕೊಂಡರೆ ಆ ಕಾಗದಗಳನ್ನು ಎಸೆಯಬೇಡಿ, ಮುಂದೆ ಪೊರೆ ಬಂದಾಗ ಒಳಗೆ ಹಾಕುವ ಲೆನ್ಸಿನ ಲೆಕ್ಕಕ್ಕೆ ಬೇಕಾಗುತ್ತವೆ.

ಮುಂದಿನ ವರ್ಷ ಮತ್ತೆ ಸ್ಕ್ಯಾನ್ ಇದೆ, ಆ ಉಬ್ಬು ಬೆಳೆದಿದೆಯಾ ನೋಡೋಕೆ. ಕೂಡಿಟ್ಟ ದುಡ್ಡಿನಲ್ಲಿ ಗಾಜು ತೆಳ್ಳಗಿರುವ ಹೊಸ ಕನ್ನಡಕ ಮಾಡಿಸಿದೆ, ಹಳೆಯದು ದಿಂಬಿನ ಪಕ್ಕ ಇದೆ. ಫೋಟೋ ಕೇಳಿದವರಿಗೆ ಹೊಸ ಕನ್ನಡಕದ್ದೇ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ಇಂತಿ,
ನಿಮ್ಮ ಓದುಗಿ, ಶಿರಸಿ