ಲೈಬ್ರರಿಗೆ ಹತ್ತು ರೆಕಾರ್ಡು ಕೇಳಿದ್ದಾರೆ ಕಣೋ

ಗೆಳೆಯಾ,

ಫೋನಿನಲ್ಲಿ ಹೇಳೋಣ ಅಂದುಕೊಂಡಿದ್ದೆ. ಆದರೆ ಗಿಟಾರ್ ವಿಷಯ, ನಾಲ್ಕು ಜನ ಓದಿದರೂ ಒಳ್ಳೆಯದೇ ಅಂತ ಇಲ್ಲೇ ಬರೆಯುತ್ತಿದ್ದೇನೆ.

ತುಮಕೂರಿನ ಲೈಬ್ರರಿಯೊಂದರಲ್ಲಿ ಹಾಡು ಕೇಳೋಕೆ ಅಂತ ಒಂದು ಮೂಲೆ ಮಾಡುತ್ತಿದ್ದಾರೆ. ಎರಡು ಕುರ್ಚಿ, ಸದ್ಯಕ್ಕೆ ಒಂದೇ ಹೆಡ್‌ಫೋನ್. ಅಲ್ಲಿ ಕೆಲಸ ಮಾಡುವ ಹುಡುಗಿ "ಸರ್, ಮಲಗಿಸಿಕೊಂಡು ನುಡಿಸೋ ಗಿಟಾರ್ ಬಗ್ಗೆ ನಿಮಗೆ ಗೊತ್ತಂತೆ, ಹತ್ತು ರೆಕಾರ್ಡು ಬರೆದುಕೊಡಿ" ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂತ ನಿನಗೆ ಬೇರೆ ಹೇಳಬೇಕಾ? ಗಣೇಶನ ಪೆಂಡಾಲಿನಲ್ಲಿ ಎಲ್ಲರೂ ಹಾಡುವವರನ್ನು ನೋಡುತ್ತಿದ್ದರೆ, ನಾವಿಬ್ಬರೂ ಹಿಂದೆ ಕೂತು ಈ ಹವಾಯಿಯನ್ ಗಿಟಾರ್ ನುಡಿಸುವವರ, ತಂತಿ ಮೇಲೆ ಸ್ಟೀಲ್ ತುಂಡು ಜಾರಿಸುವ ಎಡಗೈಯನ್ನೇ ನೋಡುತ್ತಿದ್ದೆವಲ್ಲ.

ಮೊದಲನೆಯದನ್ನು ಯೋಚಿಸದೆ ಬರೆದೆ. ‘ಕಾಲ್ ಆಫ್ ದ ವ್ಯಾಲಿ’, 1967. ಜನ ಅದರಲ್ಲಿ ಶಿವಕುಮಾರ್ ಶರ್ಮಾರ ಸಂತೂರ್, ಚೌರಾಸಿಯಾರ ಕೊಳಲು ಅಂತ ನೆನೆಯುತ್ತಾರೆ. ಮೂರನೆಯವರು ಬ್ರಿಜ್ ಭೂಷಣ್ ಕಾಬ್ರಾ. ಅವರ ಗಿಟಾರ್ ಮಾತು ಎತ್ತುವವರೇ ಕಡಿಮೆ, ನನಗದು ಅನ್ಯಾಯ ಅನ್ನಿಸುತ್ತೆ. ವೀಣೆಯ ಥರದ, ತಂತಿ ಮೇಲೆ ತುಂಡು ಜಾರಿಸಿ ನುಡಿಸುವ ಗೋಟುವಾದ್ಯ ಕೇಳಿ ಬೆಳೆದ ಊರಿನವರಿಗೆ ಅವರ ಜಾರು ಅರ್ಥ ಮಾಡಿಸಬೇಕಾಗಿಯೇ ಇಲ್ಲ, ಅಲ್ವಾ? ಆಮೇಲೆ ವಿಶ್ವಮೋಹನ್ ಭಟ್ಟರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ನುಡಿಸಿದ 1993ರ ‘ಎ ಮೀಟಿಂಗ್ ಬೈ ದ ರಿವರ್’. ಗ್ರ್ಯಾಮಿ ಬಂತು ಅಂತಲ್ಲ, ಒಬ್ಬರು ನುಡಿಸುವಾಗ ಇನ್ನೊಬ್ಬರು ಹೇಗೆ ಜಾಗ ಬಿಡುತ್ತಾರೆ ಅನ್ನೋದನ್ನು ಹುಡುಗರು ಕೇಳಲಿ ಅಂತ. ದೇಬಾಶಿಶ್ ಭಟ್ಟಾಚಾರ್ಯರ ‘ಕ್ಯಾಲ್ಕಟಾ ಕ್ರಾನಿಕಲ್ಸ್’ ಕೂಡ ಇದೆ. ಸಿನಿಮಾ ಹಾಡು ನುಡಿಸಿದ ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಇಬ್ಬರನ್ನೂ ಬಿಡಲಿಲ್ಲ. ಶಾಸ್ತ್ರೀಯ ಅಲ್ಲ ಅಂತ ಯಾರಾದರೂ ಮೂಗು ಮುರಿದರೆ ಮುರಿಯಲಿ, ನಮ್ಮ ಮನೆಗಳಿಗೆ ಈ ಗಿಟಾರ್ ಬಂದದ್ದೇ ಅಂಥವರ ಕೈ ಹಿಡಿದು.

ಹೊರಗಿನವರಲ್ಲಿ ಹವಾಯಿಯ ಸೋಲ್ ಹೂಪಿ, ಸ್ಯಾಂಟೋ ಮತ್ತು ಜಾನಿ ಸಹೋದರರ 1959ರ ‘ಸ್ಲೀಪ್ ವಾಕ್’, ಕಾಲಲ್ಲಿ ಪೆಡಲ್ ಒತ್ತಿ ಸ್ವರ ಬದಲಿಸುವ ಪೆಡಲ್ ಸ್ಟೀಲ್ ಗಿಟಾರ್‌ನಲ್ಲಿ ಜಾಝ್ ನುಡಿಸಿದ ಬಡಿ ಎಮನ್ಸ್. ಒಂಬತ್ತನೆಯವರು ಜೆರ್ರಿ ಬರ್ಡ್. ಒಹಾಯೋದಲ್ಲಿ ಹುಟ್ಟಿ, ಕೊನೆಗೆ ಹವಾಯಿಯಲ್ಲೇ ನೆಲೆಸಿದವರು.

ಅವರದ್ದನ್ನು ಆ ಹುಡುಗಿಗೆ ಕೇಳಿಸಿದೆ. ಒಂದೇ ಹೆಡ್‌ಫೋನಿನ ಒಂದು ಬಟ್ಟಲು ಅವಳ ಕಿವಿಗೆ, ಇನ್ನೊಂದು ನನ್ನ ಎಡಗಿವಿಗೆ. ಮುಗಿದ ಮೇಲೆ ಕೇಳಿದಳು, "ಸರ್, ಕೊನೆಯಲ್ಲಿ ಸಣ್ಣ ಗಂಟೆ ಥರ ಬಂತಲ್ಲಾ, ಅದು ಹೇಗೆ?" ನಾನು ಮೇಜಿನ ಮೇಲೆ ಕೈಯಿಟ್ಟು ತೋರಿಸಿದೆ. ಎಡಗೈಯಲ್ಲಿ ಸ್ಟೀಲ್ ತುಂಡು, ಬಲಗೈಯ ಅಂಗೈ ಅಂಚು ತಂತಿಗೆ ಸುಮ್ನೆ ತಾಗಬೇಕು, ಮೀಟಿದ ಕೂಡಲೇ ಎತ್ತಿಬಿಡಬೇಕು. ಎಲ್ಲ ಸರಿಯಾಗಿಯೇ ಹೇಳಿದೆ. ಆದರೆ ಆ ಗಂಟೆ ನನಗೆ ಕೇಳಿಸಿರಲಿಲ್ಲ ಕಣೋ. ತಂತಿ ಮೀಟಿದ ಟಕ್ ಅಷ್ಟೇ ಕೇಳಿಸಿತ್ತು.

ಮರುವಾರ ಕಿವಿ ಪರೀಕ್ಷೆ ಮಾಡಿಸಿದೆ. ಗಾಜಿನ ಸಣ್ಣ ಕೋಣೆ, ಕೈಯಲ್ಲಿ ಒಂದು ಗುಂಡಿ, ಸದ್ದು ಕೇಳಿಸಿದಾಗ ಒತ್ತಬೇಕು. ಗಾಜಿನ ಆಚೆ ಅವರು ತಿರುಗಣಿ ತಿರುಗಿಸುವುದು ಕಾಣುತ್ತಿತ್ತು, ನನ್ನ ಹೆಬ್ಬೆರಳು ಹಾಗೇ ಕಾಯುತ್ತಿತ್ತು. ಗ್ರಾಫ್ ಕೊಟ್ಟರು. ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ ದೇವರಾಯನದುರ್ಗದ ಇಳಿಜಾರಿನ ಹಾಗೆ ಇಳಿದಿದೆ. ಮೇಲಿನ ಸ್ಥಾಯಿಯ ಸದ್ದು ಸರಿಯಾಗಿ ಕೇಳಿಸುತ್ತಿಲ್ಲ ಅಂತ ಅರ್ಥ. ಎಡಗಿವಿಯಲ್ಲಿ ಜಾಸ್ತಿ.

ಅವತ್ತಿನಿಂದ ಒಂದೇ ಯೋಚನೆ. ಆ ಪಟ್ಟಿಯನ್ನು ನಾನು ಕೇಳಿ ಬರೆದೆನೋ, ನೆನಪಿನಿಂದ ಬರೆದೆನೋ? ಇಷ್ಟು ವರ್ಷ ಕಣ್ಣು ಮುಚ್ಚಿ ಕೇಳುತ್ತಿದ್ದಾಗ ಎಷ್ಟು ಸದ್ದು ರೆಕಾರ್ಡಿನದ್ದು, ಎಷ್ಟು ನನ್ನ ತಲೆಯೊಳಗಿನದ್ದು? ರಾತ್ರಿ ಕಾಬ್ರಾ ಹಾಕೋಕೂ ಭಯ ಆಗುತ್ತೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ, ಆಗಲಿ ಬಿಡು.

ಇದನ್ನೆಲ್ಲ ಬರೆಯೋಕೆ ಕೂತಿರಲಿಲ್ಲ ಮಾರಾಯ, ಪಟ್ಟಿ ತೋರಿಸೋಕೆ ಕೂತಿದ್ದೆ. ಎಣಿಸಿದರೆ ಒಂಬತ್ತೇ ಆಗುತ್ತೆ. ಹತ್ತನೆಯ ಸಾಲು ನಿನಗೆ ಅಂತ ಖಾಲಿ ಬಿಟ್ಟಿದ್ದೇನೆ, ಮುಂದಿನ ಭಾನುವಾರ ಬಾ. ನನ್ನ ಬಲಗಡೆ ಕೂರು, ಎಲ್ಲೆಲ್ಲಿ ಗಂಟೆ ಬರುತ್ತೋ ಅಲ್ಲಲ್ಲಿ ಭುಜ ತಟ್ಟು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ನನ್ನದು, ಆ ಎರಡನೇ ಪ್ಲೇಟಿನ ಲೆಕ್ಕ ಮಾತ್ರ ಎತ್ತಬೇಡ.